ಪಾಸ್‌ವರ್ಡ್ ಸರಿ ಇದೆ, ಆದರೂ ಲಾಗಿನ್ ಆಗುತ್ತಿಲ್ಲ: ವಿಶ್ವವಿದ್ಯಾಲಯದ ಡೊಮೇನ್‌ಗಳಲ್ಲಿ ದೋಷ ಹುಡುಕುವ ಬಗೆ

ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ಯಾರಾದರೂ "ಲಾಗಿನ್ ಆಗ್ತಿಲ್ಲ" ಅಂದರೆ, ಅಲ್ಲಿ ಎರಡು ಖಾತೆಗಳಿವೆ ಅನ್ನುವುದು ಮೊದಲು ನೆನಪಾಗಬೇಕು. ಒಂದು ಕೀಬೋರ್ಡ್ ಮುಂದೆ ಕೂತವರದು, ಇನ್ನೊಂದು ಕಂಪ್ಯೂಟರಿನದು. ಡೊಮೇನ್‌ಗೆ, ಅಂದರೆ ಖಾತೆಗಳನ್ನು ಒಂದೇ ಕಡೆ ಇಟ್ಟು ನೋಡಿಕೊಳ್ಳುವ ವಿಂಡೋಸ್ ಕಂಪ್ಯೂಟರುಗಳ ಗುಂಪಿಗೆ, ಸೇರಿದ ಪ್ರತಿ ಕಂಪ್ಯೂಟರಿಗೂ ತನ್ನದೇ ಖಾತೆ, ತನ್ನದೇ ಪಾಸ್‌ವರ್ಡ್ ಇರುತ್ತದೆ. ಆ ಪಾಸ್‌ವರ್ಡನ್ನು ಅದು ಯಾರಿಗೂ ಹೇಳದೆ ತಾನೇ ಬದಲಿಸಿಕೊಳ್ಳುತ್ತದೆ. ಎಷ್ಟೋ ಕಡೆ ಈ ಎರಡು ಖಾತೆಗಳು ಒಂದೇ ಡೊಮೇನ್‌ನಲ್ಲಿ ಇರುವುದೂ ಇಲ್ಲ.

ಆದರೆ ಸಾಮಾನ್ಯವಾಗಿ ಆಗುವುದೇನು? ಲಾಗಿನ್ ಆಗದ ಕೂಡಲೇ ಕಂಪ್ಯೂಟರನ್ನು ಡೊಮೇನ್‌ನಿಂದ ತೆಗೆದು ಮತ್ತೆ ಸೇರಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಕೆಲವು ಸಲ ಅದರಿಂದ ಸರಿಯಾಗಿಬಿಡುತ್ತದೆ, ತೊಂದರೆ ಇರುವುದೇ ಅಲ್ಲಿ. ಯಾಕೆ ಕೆಟ್ಟಿತ್ತು, ಯಾಕೆ ಸರಿಯಾಯಿತು ಎರಡೂ ಗೊತ್ತಾಗುವುದಿಲ್ಲ. ಮುಂದಿನ ವಾರ ಪಕ್ಕದ ಕಂಪ್ಯೂಟರಿಗೂ ಅದೇ ಚಿಕಿತ್ಸೆ. ಹಾಗಾಗಿ ಯಾವ ಕಡೆಯ ಖಾತೆ ಕೈಕೊಟ್ಟಿದೆ ಅಂತ ತಿಳಿಯುವವರೆಗೆ ಯಾವುದನ್ನೂ ಮುಟ್ಟಬೇಡಿ.

ಯಾವುದು ಎಲ್ಲಿದೆ

ವಿಂಡೋಸ್ ಎನ್‌ಟಿ ಕಾಲದಲ್ಲಿ ಒಂದು ಡೊಮೇನ್‌ನ ಒಳಗೆ ಅಧಿಕಾರ ಹಂಚಿಕೊಡುವುದು ಕಷ್ಟವಿತ್ತು. ಅಡ್ಮಿನ್ ಅಂದರೆ ಇಡೀ ಡೊಮೇನ್‌ಗೆ ಅಡ್ಮಿನ್. ಭೌತಶಾಸ್ತ್ರ ವಿಭಾಗದವರಿಗೆ ತಮ್ಮ ಲ್ಯಾಬ್ ನೋಡಿಕೊಳ್ಳುವ ಅಧಿಕಾರ ಬೇಕು ಅಂದರೆ ಅವರಿಗೊಂದು ಬೇರೆ ಡೊಮೇನೇ ಬೇಕಿತ್ತು. ಅದಕ್ಕೇ ದೊಡ್ಡ ಸಂಸ್ಥೆಗಳು ಜನರ ಖಾತೆಗಳನ್ನೆಲ್ಲ ಕೇಂದ್ರದ ಒಂದು ಡೊಮೇನ್‌ನಲ್ಲಿ ಇಟ್ಟು, ವಿಭಾಗಗಳ ಕಂಪ್ಯೂಟರುಗಳನ್ನು ಬೇರೆ ಬೇರೆ ಡೊಮೇನ್‌ಗಳಲ್ಲಿ ಇಟ್ಟವು. 2000ದಲ್ಲಿ ವಿಂಡೋಸ್ 2000 ಜೊತೆ ಆಕ್ಟಿವ್ ಡೈರೆಕ್ಟರಿ (ಡೊಮೇನ್‌ನ ಖಾತೆಗಳನ್ನೆಲ್ಲ ಇಡುವ ಪಟ್ಟಿ) ಬಂದಮೇಲೆ ಈ ಕಟ್ಟುಪಾಡು ಹೋಯಿತು. ಒಂದೇ ಡೊಮೇನ್‌ನಲ್ಲಿ ಪ್ರತಿ ವಿಭಾಗಕ್ಕೂ ಒಂದು ಓಯು (ಖಾತೆಗಳನ್ನು ಒಟ್ಟಿಗೆ ಇಡುವ ಫೋಲ್ಡರ್ ತರಹದ್ದು) ಮಾಡಿ, ಆ ಓಯು ಮೇಲೆ ಮಾತ್ರ ಅಧಿಕಾರ ಕೊಡಬಹುದು. ಆದರೂ ಹಳೆ ರಚನೆ ಎಷ್ಟೋ ಕಡೆ ಹಾಗೇ ಉಳಿದಿದೆ. ವೈದ್ಯಕೀಯ ಕಾಲೇಜು, ಸಂಶೋಧನಾ ಕೇಂದ್ರದಂಥ ಕಡೆ ಬೇಕೆಂದೇ ಪ್ರತ್ಯೇಕ ಫಾರೆಸ್ಟ್ (ಒಂದೋ ಹಲವೋ ಡೊಮೇನ್‌ಗಳ ಕೂಟ) ಮಾಡಿರುತ್ತಾರೆ. ಭದ್ರತೆಯ ನಿಜವಾದ ಗಡಿ ಫಾರೆಸ್ಟೇ ಹೊರತು ಡೊಮೇನ್ ಅಲ್ಲ, ಆದ್ದರಿಂದ ಅದರಲ್ಲಿ ತಪ್ಪಿಲ್ಲ.

ಈ ಬರಹದಲ್ಲಿ ಸುಲಭಕ್ಕೆ ಒಂದನ್ನು ಜನರ ಡೊಮೇನ್, ಇನ್ನೊಂದನ್ನು ಯಂತ್ರದ ಡೊಮೇನ್ ಅಂತ ಕರೆಯುತ್ತೇನೆ. ಜನರ ಡೊಮೇನ್‌ಗೆ ಖಾತೆಗಳು ಪ್ರವೇಶ ವಿಭಾಗದ ಮತ್ತು ಸಿಬ್ಬಂದಿ ವಿಭಾಗದ ದಾಖಲೆಗಳಿಂದ ತಾವಾಗಿಯೇ ಬರುತ್ತವೆ. ಯಂತ್ರದ ಡೊಮೇನ್‌ಗೆ ಕಂಪ್ಯೂಟರುಗಳನ್ನು ವಿಭಾಗದವರು ಸೇರಿಸುತ್ತಾರೆ. ನಡುವೆ ಟ್ರಸ್ಟ್ ಇರುತ್ತದೆ, ಅಂದರೆ ಒಂದು ಡೊಮೇನ್ ಇನ್ನೊಂದರ ಖಾತೆಗಳನ್ನು ಒಪ್ಪುವ ಏರ್ಪಾಡು. ಅದರ ದಿಕ್ಕು ಬಹಳ ಜನರಿಗೆ ಉಲ್ಟಾ ಹೊಡೆಯುತ್ತದೆ: ನಂಬುವುದು ಯಂತ್ರದ ಡೊಮೇನ್, ನಂಬಿಕೆ ಪಡೆಯುವುದು ಜನರ ಡೊಮೇನ್. ಲಾಗಿನ್‌ಗೆ ಅಷ್ಟು, ಅಂದರೆ ಒಂದೇ ದಿಕ್ಕಿನ ಟ್ರಸ್ಟ್ ಸಾಕು.

ನಿಮ್ಮಲ್ಲಿ ಎಲ್ಲವೂ ಒಂದೇ ಡೊಮೇನ್‌ನಲ್ಲಿದ್ದರೆ ಟ್ರಸ್ಟ್ ಬಗ್ಗೆ ಬರೆದದ್ದನ್ನು ಬಿಟ್ಟು ಮುಂದೆ ಹೋಗಿ. ಉಳಿದದ್ದೆಲ್ಲ ನಿಮಗೂ ಅನ್ವಯಿಸುತ್ತದೆ.

ಕುರ್ಚಿಯಿಂದ ಏಳುವ ಮುಂಚೆ

ಫೋನಿನಲ್ಲೇ ಮೂರು ವಿಷಯ ಕೇಳಿ. ಅದೇ ಕಂಪ್ಯೂಟರಿನಲ್ಲಿ ಬೇರೆಯವರು ಲಾಗಿನ್ ಆಗುತ್ತಾರಾ? ಅದೇ ವ್ಯಕ್ತಿ ಪಕ್ಕದ ಕಂಪ್ಯೂಟರಿನಲ್ಲಿ ಆಗುತ್ತಾರಾ? ತೆರೆಯ ಮೇಲೆ ಬಂದ ಸಂದೇಶ ಅಕ್ಷರಶಃ ಏನು? ಮೂರನೆಯದಕ್ಕೆ ಒಂದು ಫೋಟೋ ಕಳಿಸಲು ಹೇಳಿ. "ಏನೋ ಎರರ್ ಬಂತು" ಅನ್ನುವುದರಿಂದ ಯಾರಿಗೂ ಪ್ರಯೋಜನವಿಲ್ಲ.

ಬೇರೆಯವರು ಆಗುತ್ತಾರೆ, ಇವರು ಎಲ್ಲೂ ಆಗುವುದಿಲ್ಲ ಅಂದರೆ ದೋಷ ಜನರ ಡೊಮೇನ್‌ನಲ್ಲಿದೆ. ಕಂಪ್ಯೂಟರಿನ ಹತ್ತಿರ ಹೋಗುವ ಅಗತ್ಯವೇ ಇಲ್ಲ. ಇವರು ಎಲ್ಲ ಕಡೆ ಆಗುತ್ತಾರೆ, ಈ ಕಂಪ್ಯೂಟರಿನಲ್ಲಿ ಯಾರೂ ಆಗುವುದಿಲ್ಲ ಅಂದರೆ ಯಂತ್ರದ ಕಡೆಯದು. ಇಡೀ ಲ್ಯಾಬ್‌ನಲ್ಲಿ ಯಾರೂ ಆಗುತ್ತಿಲ್ಲ ಅಂದರೆ ಎರಡೂ ಖಾತೆ ಬಿಟ್ಟು ನಡುವಿನ ದಾರಿ ನೋಡಿ: ನೆಟ್‌ವರ್ಕ್, ಡಿಎನ್‌ಎಸ್ (ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ), ಟ್ರಸ್ಟ್.

ಇಲ್ಲಿ ಒಂದು ಮೋಸ ಇದೆ. ವಿಂಡೋಸ್ ಹಿಂದೆ ಲಾಗಿನ್ ಆದವರ ಗುರುತನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಬದಲಿಸದಿದ್ದರೆ ಕೊನೆಯ 10 ಜನರದ್ದು. ಡೊಮೇನ್ ಕಂಟ್ರೋಲರ್ (ಖಾತೆ, ಪಾಸ್‌ವರ್ಡ್ ಪರೀಕ್ಷಿಸುವ ಸರ್ವರ್) ಸಿಗದಿದ್ದರೂ ಅವರನ್ನು ಒಳಗೆ ಬಿಡುತ್ತದೆ. ಹಾಗಾಗಿ "ಲ್ಯಾಬ್ ಸಹಾಯಕರು ಆಗುತ್ತಿದ್ದಾರೆ, ವಿದ್ಯಾರ್ಥಿಗಳು ಮಾತ್ರ ಆಗುತ್ತಿಲ್ಲ" ಅನ್ನುವ ದೂರು ಬಂದರೆ ವಿದ್ಯಾರ್ಥಿಗಳ ಖಾತೆಯ ಮೇಲೆ ಅನುಮಾನ ಪಡಬೇಡಿ. ಸಹಾಯಕರು ದಿನಾ ಕೂರುವವರು, ಅವರ ಗುರುತು ಅಲ್ಲೇ ಇದೆ ಅಷ್ಟೇ. ಆ ಕಂಪ್ಯೂಟರಿನಲ್ಲಿ ಹಿಂದೆಂದೂ ಲಾಗಿನ್ ಆಗದ ಒಂದು ಪರೀಕ್ಷಾ ಖಾತೆಯಿಂದಲೇ ನೋಡಬೇಕು. ಅಂಥದ್ದೊಂದನ್ನು ಜನರ ಡೊಮೇನ್‌ನಲ್ಲಿ ಮೊದಲೇ ಮಾಡಿಸಿ ಇಟ್ಟುಕೊಳ್ಳಿ.

ಕೋಡ್‌ನ ಬಾಲ ಓದಿ

ತೆರೆಯ ಮೇಲಿನ ಸಂದೇಶ ಬೇಕೆಂದೇ ಅಸ್ಪಷ್ಟವಾಗಿರುತ್ತದೆ. "ಬಳಕೆದಾರರ ಹೆಸರು ಅಥವಾ ಪಾಸ್‌ವರ್ಡ್ ತಪ್ಪು" ಅನ್ನುತ್ತದೆ, ಯಾವುದು ತಪ್ಪು ಅಂತ ಹೇಳುವುದಿಲ್ಲ. ನಿಜ ಇರುವುದು ಈವೆಂಟ್ ವ್ಯೂವರ್‌ನ ಸೆಕ್ಯೂರಿಟಿ ಲಾಗ್‌ನಲ್ಲಿ. ಲಾಗಿನ್ ಮಾಡಲು ನೋಡಿದ ಕಂಪ್ಯೂಟರಿನಲ್ಲೇ 4625 ಸಂಖ್ಯೆಯ ಈವೆಂಟ್ ಹುಡುಕಿ. ಅದರೊಳಗೆ ಸಬ್ ಸ್ಟೇಟಸ್ ಅಂತ ಒಂದು ಉದ್ದ ಕೋಡ್ ಇರುತ್ತದೆ. ಸಬ್ ಸ್ಟೇಟಸ್‌ನಲ್ಲಿ ಬರೀ ಸೊನ್ನೆ ಇದ್ದರೆ ಮೇಲಿನ ಸ್ಟೇಟಸ್ ಸಾಲು ನೋಡಿ. ಇಡೀ ಕೋಡ್ ಓದುವುದು ಬೇಡ, ಬಾಲ ನೋಡಿದರೆ ಸಾಕು.

ಕೊನೆಗೆ 6ಎ ಇದ್ದರೆ ಹೆಸರು ಸರಿ, ಪಾಸ್‌ವರ್ಡ್ ತಪ್ಪು. 64 ಇದ್ದರೆ ಅಂಥ ಹೆಸರೇ ಇಲ್ಲ. 72 ಅಂದರೆ ಖಾತೆಯನ್ನು ಯಾರೋ ನಿಷ್ಕ್ರಿಯ ಮಾಡಿದ್ದಾರೆ. 193 ಅಂದರೆ ಖಾತೆಯ ಅವಧಿ ಮುಗಿದಿದೆ. ಕೋರ್ಸ್ ಮುಗಿದವರದ್ದು, ಗುತ್ತಿಗೆ ಮುಗಿದ ಅತಿಥಿ ಉಪನ್ಯಾಸಕರದ್ದು ಹೆಚ್ಚಾಗಿ ಇದೇ. 71 ಅಂದರೆ ಪಾಸ್‌ವರ್ಡ್ ಅವಧಿ ಮುಗಿದಿದೆ. 234 ಅಂದರೆ ಖಾತೆ ಲಾಕ್ ಆಗಿದೆ. 70 ಅಂದರೆ ಈ ಕಂಪ್ಯೂಟರಿನಲ್ಲಿ ಲಾಗಿನ್ ಆಗಲು ಆ ಖಾತೆಗೆ ಅನುಮತಿ ಇಲ್ಲ. ಇಷ್ಟೂ ಜನರ ಕಡೆಯವು.

5ಇ ಇದ್ದರೆ ಡೊಮೇನ್ ಕಂಟ್ರೋಲರ್ ಸಿಕ್ಕಿಲ್ಲ. 133 ಇದ್ದರೆ ಗಡಿಯಾರ ತಪ್ಪು. 18ಬಿ ಅಂದರೆ ಕಂಪ್ಯೂಟರಿನ ಖಾತೆಯೇ ಡೊಮೇನ್‌ನಲ್ಲಿ ಕಾಣುತ್ತಿಲ್ಲ. 18ಡಿ ಅಂದರೆ ಕಂಪ್ಯೂಟರ್ ಮತ್ತು ಡೊಮೇನ್ ನಡುವಿನ ನಂಬಿಕೆ ಮುರಿದಿದೆ. ಇವು ಯಂತ್ರದ ಕಡೆಯವು. 413 ಬಂದರೆ ಟ್ರಸ್ಟ್ ಸರಿ ಇದೆ, ಆದರೆ ಅದನ್ನು ಆಯ್ದವರಿಗೆ ಮಾತ್ರ ಅಂತ ಕಟ್ಟಿಟ್ಟಿದ್ದಾರೆ. ಆಗ ಆ ಕಂಪ್ಯೂಟರಿನ ಖಾತೆಯ ಮೇಲೆ "ಅಲೌಡ್ ಟು ಆಥೆಂಟಿಕೇಟ್" ಅನ್ನುವ ಅನುಮತಿಯನ್ನು ಬಳಕೆದಾರರ ಗುಂಪಿಗೆ ಕೊಡಿಸಬೇಕು. ಪ್ರತ್ಯೇಕ ಫಾರೆಸ್ಟ್ ಇರುವ ಕಡೆ ಹೊಸ ಕಂಪ್ಯೂಟರುಗಳಿಗೆ ಇದನ್ನು ಕೊಡಲು ಮರೆಯುವುದು ಮಾಮೂಲಿ.

ಈ ಒಂದು ಸಾಲು ಓದಿದರೆ ಅರ್ಧ ಕೆಲಸ ಮುಗಿಯಿತು. ಹೀಗಿದ್ದೂ ಇದನ್ನು ಓದುವವರು ಕಡಿಮೆ, ಯಾಕೋ.

ಹೆಸರು ಸರಿ, ಹುಡುಕಿದ ಡೊಮೇನ್ ತಪ್ಪು

64 ಬಂತು, ಆದರೆ ವಿದ್ಯಾರ್ಥಿಯ ಖಾತೆ ಜನರ ಡೊಮೇನ್‌ನಲ್ಲಿ ಚೆನ್ನಾಗಿಯೇ ಇದೆ. ಇದು ಎರಡು ಡೊಮೇನ್ ಇರುವ ಕಡೆ ಅತಿ ಹೆಚ್ಚು ಬರುವ ದೂರು. ಲಾಗಿನ್ ಪೆಟ್ಟಿಗೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಯಾವ ಡೊಮೇನ್‌ಗೆ ಲಾಗಿನ್ ಆಗುತ್ತಿದ್ದೀರಿ ಅಂತ ಇರುತ್ತದೆ. ಯಾರೂ ಅದನ್ನು ನೋಡುವುದಿಲ್ಲ. ಬರೀ ಹೆಸರು ಹೊಡೆದರೆ ಕಂಪ್ಯೂಟರ್ ತನ್ನ ಡೊಮೇನ್‌ನಲ್ಲೇ ಹುಡುಕುತ್ತದೆ. ಅಲ್ಲಿ ಆ ವಿದ್ಯಾರ್ಥಿ ಇಲ್ಲ.

ಮುಂದೆ ಡೊಮೇನ್ ಹೆಸರು, ಓರೆಗೆರೆ, ಆಮೇಲೆ ಹೆಸರು ಹಾಕಿ ನೋಡಿ. ಅಥವಾ ಇಮೇಲ್ ತರಹದ ಪೂರ್ತಿ ಹೆಸರು ಹಾಕಿ ನೋಡಿ. ಅದರಲ್ಲಿ ಆದರೆ ದೋಷ ಸಿಕ್ಕಿತು. ಪ್ರತಿಯೊಬ್ಬರಿಗೂ ಓರೆಗೆರೆ ಹಾಕುವುದನ್ನು ಕಲಿಸುತ್ತಾ ಕೂರಬೇಕಿಲ್ಲ. ಲ್ಯಾಬ್ ಕಂಪ್ಯೂಟರುಗಳ ಗ್ರೂಪ್ ಪಾಲಿಸಿಯಲ್ಲಿ (ಡೊಮೇನ್‌ನಿಂದ ಬರುವ ಸೆಟ್ಟಿಂಗ್‌ಗಳ ಕಟ್ಟು), ಸಿಸ್ಟಮ್ ಕೆಳಗಿನ ಲಾಗಾನ್ ವಿಭಾಗದಲ್ಲಿ, ಲಾಗಿನ್‌ಗೆ ಮೊದಲೇ ಒಂದು ಡೊಮೇನ್ ಗೊತ್ತುಮಾಡುವ ಸೆಟ್ಟಿಂಗ್ ಇದೆ. ಅಲ್ಲಿ ಜನರ ಡೊಮೇನ್ ಹೆಸರು ಹಾಕಿದರೆ ಮುಗಿಯಿತು.

ಇಮೇಲ್ ತರಹದ ಹೆಸರಿನ ಬಗ್ಗೆ ಒಂದು ಮಾತು. ಅದು ನಿಜವಾದ ಇಮೇಲ್ ವಿಳಾಸವೇ ಆಗಿರಬೇಕು ಅಂತೇನೂ ಇಲ್ಲ. ಎರಡನ್ನೂ ಒಂದೇ ಮಾಡಿಟ್ಟ ಸಂಸ್ಥೆಗಳಿವೆ, ಮಾಡದವೂ ಇವೆ. ಮಾಡದ ಕಡೆ ವಿದ್ಯಾರ್ಥಿ ತನ್ನ ಇಮೇಲ್ ಹಾಕಿ "ಸರಿಯಾಗೇ ಹಾಕಿದೀನಿ" ಅನ್ನುತ್ತಾನೆ. ಅವನ ದೃಷ್ಟಿಯಲ್ಲಿ ಅವನು ಸರಿ. ಖಾತೆಯ ಅಕೌಂಟ್ ಟ್ಯಾಬ್‌ನಲ್ಲಿ ಲಾಗಾನ್ ನೇಮ್ ನೋಡಿ ಹೋಲಿಸಿ.

ಇನ್ನೊಂದು ಸೂಕ್ಷ್ಮ: 6ಎ ಬಂದಿದೆ, ಪಾಸ್‌ವರ್ಡ್ ಮಾತ್ರ ನೂರಕ್ಕೆ ನೂರು ಸರಿ. ದೂರು ಕೊಟ್ಟವರು ವಿಭಾಗದ ಐಟಿ ಸಿಬ್ಬಂದಿಯೇ ಆಗಿದ್ದರೆ, ಅದೇ ಹೆಸರಿನ ಇನ್ನೊಂದು ಖಾತೆ ಯಂತ್ರದ ಡೊಮೇನ್‌ನಲ್ಲೂ ಇದೆಯಾ ನೋಡಿ. ಇದ್ದೇ ಇರುತ್ತದೆ. ಪಾಸ್‌ವರ್ಡ್ ಒಂದರದು, ಹೆಸರು ಸಿಕ್ಕಿದ್ದು ಇನ್ನೊಂದರಲ್ಲಿ.

ಈಗಷ್ಟೇ ಮಾಡಿದ ಹೊಸ ಖಾತೆಗೂ 64 ಬರಬಹುದು. ಖಾತೆ ಮುಖ್ಯ ಕ್ಯಾಂಪಸ್‌ನ ಡೊಮೇನ್ ಕಂಟ್ರೋಲರ್‌ನಲ್ಲಿ ಹುಟ್ಟಿರುತ್ತದೆ, ದೂರದ ಕ್ಯಾಂಪಸ್‌ನದಕ್ಕೆ ಇನ್ನೂ ಹೋಗಿರುವುದಿಲ್ಲ. ಒಂದೇ ಸೈಟ್ (ವೇಗದ ನೆಟ್‌ವರ್ಕ್ ಇರುವ ಒಂದು ಜಾಗ) ಒಳಗೆ ಬದಲಾವಣೆ ಸೆಕೆಂಡುಗಳಲ್ಲಿ ಹರಡುತ್ತದೆ. ಸೈಟ್‌ಗಳ ನಡುವೆ ಮಾತ್ರ, ಯಾರೂ ಬದಲಿಸದಿದ್ದರೆ, 180 ನಿಮಿಷಕ್ಕೊಮ್ಮೆ. ಪ್ರವೇಶದ ದಿನಗಳಲ್ಲಿ ಇದು ಸಾಲು ಸಾಲು ದೂರು ತರುತ್ತದೆ. 15 ನಿಮಿಷಕ್ಕೆ ಇಳಿಸಲು ಕೇಂದ್ರದವರನ್ನು ಕೇಳಿ.

ಡಿಎನ್‌ಎಸ್

5ಇ ಬಂದರೆ, ಅಥವಾ ಸಿಸ್ಟಮ್ ಲಾಗ್‌ನಲ್ಲಿ ನೆಟ್‌ಲಾಗಾನ್ ಹೆಸರಿನ 5719 ಕಂಡರೆ, ಮೊದಲು ಇಲ್ಲಿಗೆ ಬನ್ನಿ. ಕಂಪ್ಯೂಟರ್ ತನ್ನ ಡೊಮೇನ್ ಕಂಟ್ರೋಲರ್ ಎಲ್ಲಿದೆ ಅಂತ ಡಿಎನ್‌ಎಸ್ ಕೇಳಿಯೇ ತಿಳಿದುಕೊಳ್ಳುತ್ತದೆ. ಐಪಿಕಾನ್ಫಿಗ್ ಆಲ್ ಹೊಡೆದು ಡಿಎನ್‌ಎಸ್ ಸರ್ವರ್‌ಗಳ ಸಾಲು ನೋಡಿ. ಮೊದಲನೆಯದು ವಿಶ್ವವಿದ್ಯಾಲಯದ್ದು, ಎರಡನೆಯದು ಹೊರಗಿನ ಸಾರ್ವಜನಿಕ ಡಿಎನ್‌ಎಸ್ ಇದ್ದರೆ ಅದನ್ನು ತೆಗೆಯಿರಿ. "ಇರಲಿ ಬಿಡಿ, ಒಂದು ಹೋದರೆ ಇನ್ನೊಂದು" ಅಂತ ಯಾರೋ ಒಳ್ಳೆಯ ಮನಸ್ಸಿನಿಂದಲೇ ಹಾಕಿರುತ್ತಾರೆ. ಆದರೆ ಮೊದಲನೆಯದು ಒಂದು ಕ್ಷಣ ತಡಮಾಡಿದರೂ ವಿಂಡೋಸ್ ಎರಡನೆಯದನ್ನು ಕೇಳುತ್ತದೆ. ಅದು "ಅಂಥ ಡೊಮೇನ್ ಇಲ್ಲ" ಅನ್ನುತ್ತದೆ. ಅದೂ ಒಂದು ಉತ್ತರವೇ ಆದ್ದರಿಂದ ವಿಂಡೋಸ್ ಒಪ್ಪಿಕೊಂಡು ಸುಮ್ಮನಾಗುತ್ತದೆ. ಬೆಳಗ್ಗೆ ಆಗುತ್ತೆ, ಮಧ್ಯಾಹ್ನ ಆಗಲ್ಲ, ರೀಸ್ಟಾರ್ಟ್ ಮಾಡಿದರೆ ಸರಿ ಅನ್ನುವಂಥ ದೂರುಗಳ ಹಿಂದೆ ಇದೇ ಇರುವುದು ಜಾಸ್ತಿ.

ಎನ್‌ಎಲ್‌ಟೆಸ್ಟ್ ಕಮಾಂಡ್‌ನ ಡಿಎಸ್‌ಗೆಟ್‌ಡಿಸಿ ಆಯ್ಕೆಗೆ ಡೊಮೇನ್ ಹೆಸರು ಕೊಟ್ಟು ನೋಡಿ. ಎರಡು ಸಲ: ಒಮ್ಮೆ ಯಂತ್ರದ ಡೊಮೇನ್ ಹೆಸರು, ಒಮ್ಮೆ ಜನರ ಡೊಮೇನ್ ಹೆಸರು. ಮೊದಲನೆಯದಕ್ಕೆ ಉತ್ತರ ಬಂದು ಎರಡನೆಯದಕ್ಕೆ ಬರದಿದ್ದರೆ, ಯಂತ್ರದ ಡೊಮೇನ್‌ನ ಡಿಎನ್‌ಎಸ್ ಸರ್ವರ್‌ನಲ್ಲಿ ಕಂಡೀಷನಲ್ ಫಾರ್ವರ್ಡರ್ ನೋಡಿ. ಜನರ ಡೊಮೇನ್‌ನ ಬಗ್ಗೆ ಪ್ರಶ್ನೆ ಬಂದರೆ ಯಾವ ವಿಳಾಸಕ್ಕೆ ಕಳಿಸಬೇಕು ಅಂತ ಅಲ್ಲಿ ಬರೆದಿರುತ್ತದೆ. ಕೇಂದ್ರದವರು ಹಳೆ ಸರ್ವರ್ ನಿಲ್ಲಿಸಿ ಹೊಸದು ತಂದಿರುತ್ತಾರೆ, ಈ ಪಟ್ಟಿಯಲ್ಲಿ ಹಳೆ ವಿಳಾಸವೇ ಉಳಿದಿರುತ್ತದೆ. ಬಳಕೆದಾರರ ಕಣ್ಣಿಗೆ ಇದು ಟ್ರಸ್ಟ್ ಮುರಿದ ಹಾಗೆ ಕಾಣುತ್ತದೆ, ಆದರೆ ಟ್ರಸ್ಟ್‌ಗೆ ಏನೂ ಆಗಿರುವುದಿಲ್ಲ.

ಲಾಗಿನ್ ಆಗುತ್ತದೆ ಆದರೆ ಹೊಸ ಕಟ್ಟಡದಲ್ಲಿ ಮಾತ್ರ ತುಂಬ ನಿಧಾನ ಅಂದರೆ, ಆ ಕಟ್ಟಡದ ಸಬ್‌ನೆಟ್ಟನ್ನು (ಐಪಿ ವಿಳಾಸಗಳ ಗುಂಪು) ಯಾವ ಸೈಟ್‌ಗೂ ಸೇರಿಸಿಲ್ಲ ಅಂತ ಲೆಕ್ಕ. ಡೊಮೇನ್ ಕಂಟ್ರೋಲರ್‌ನ ನೆಟ್‌ಲಾಗಾನ್ ಲಾಗ್‌ನಲ್ಲಿ "ನೋ ಕ್ಲೈಂಟ್ ಸೈಟ್" ಅಂತ ಆ ವಿಳಾಸಗಳು ಸಿಗುತ್ತವೆ.

ಕಂಪ್ಯೂಟರಿನ ಖಾತೆ ಕೈಕೊಟ್ಟಾಗ

"ಈ ಕಂಪ್ಯೂಟರ್ ಮತ್ತು ಪ್ರೈಮರಿ ಡೊಮೇನ್ ನಡುವಿನ ಟ್ರಸ್ಟ್ ರಿಲೇಷನ್‌ಶಿಪ್ ವಿಫಲವಾಗಿದೆ" ಅನ್ನುವ ಅರ್ಥದ ಸಂದೇಶ ನೋಡದ ಲ್ಯಾಬ್ ಇಲ್ಲ. ಇದು ಎರಡು ಡೊಮೇನ್‌ಗಳ ನಡುವಿನ ಟ್ರಸ್ಟ್ ಬಗ್ಗೆ ಅಲ್ಲ, ಗಮನಿಸಿ. ಕಂಪ್ಯೂಟರಿನಲ್ಲಿರುವ ಪಾಸ್‌ವರ್ಡೂ ಡೊಮೇನ್‌ನಲ್ಲಿರುವ ಪಾಸ್‌ವರ್ಡೂ ಹೊಂದುತ್ತಿಲ್ಲ ಅಂತ ಅಷ್ಟೇ.

ಪಾಸ್‌ವರ್ಡ್ ಬದಲಿಸುವುದು ಕಂಪ್ಯೂಟರ್, ಡೊಮೇನ್ ಅಲ್ಲ. ಮೊದಲಿನಿಂದ ಇರುವ ಲೆಕ್ಕದಲ್ಲಿ 30 ದಿನಕ್ಕೊಮ್ಮೆ. ಹಾಗಾಗಿ ರಜೆಯಲ್ಲಿ ಎರಡು ತಿಂಗಳು ಆಫ್ ಆಗಿದ್ದರೆ ಈ ದೋಷ ಬರುತ್ತದೆ ಅನ್ನುವುದು ತಪ್ಪು ಕಲ್ಪನೆ. ಆಫ್ ಆಗಿದ್ದ ಕಂಪ್ಯೂಟರ್ ಏನನ್ನೂ ಬದಲಿಸುವುದಿಲ್ಲ, ಆನ್ ಆದಮೇಲೆ ಬದಲಿಸಿಕೊಳ್ಳುತ್ತದೆ. ಅದರ ಖಾತೆಯನ್ನು ಯಾರಾದರೂ "ಹಳೆಯದು" ಅಂತ ಅಳಿಸಿದ್ದರೆ ಮಾತು ಬೇರೆ.

ನಿಜವಾದ ಕಾರಣ ಎಂದರೆ ಕಂಪ್ಯೂಟರ್ ಕಾಲದಲ್ಲಿ ಹಿಂದೆ ಹೋಗುವುದು. ಲ್ಯಾಬ್‌ಗಳಲ್ಲಿ ಪ್ರತಿ ರೀಸ್ಟಾರ್ಟ್‌ಗೂ ಡಿಸ್ಕನ್ನು ಮೊದಲಿನ ಸ್ಥಿತಿಗೆ ತರುವ ತಂತ್ರಾಂಶ ಹಾಕಿರುತ್ತಾರೆ. ಕಂಪ್ಯೂಟರ್ ತನ್ನ ಹೊಸ ಪಾಸ್‌ವರ್ಡನ್ನು ಡೊಮೇನ್‌ಗೆ ಹೇಳುತ್ತದೆ, ಡೊಮೇನ್ ಬರೆದುಕೊಳ್ಳುತ್ತದೆ. ಮಾರನೇ ದಿನ ರೀಸ್ಟಾರ್ಟ್ ಆದಾಗ ಡಿಸ್ಕ್ ಹಿಂದಿನ ಸ್ಥಿತಿಗೆ ಹೋಗುತ್ತದೆ, ಜೊತೆಗೆ ಪಾಸ್‌ವರ್ಡೂ. ಹಳೆ ಸ್ನ್ಯಾಪ್‌ಶಾಟ್‌ಗೆ ಮರಳಿದ ವರ್ಚುವಲ್ ಮಷಿನ್ ಕಥೆಯೂ ಇದೇ. ಇಂಥ ಕಂಪ್ಯೂಟರುಗಳಿಗೆ ಬೇರೆ ಓಯು ಮಾಡಿ, ಅಲ್ಲಿ ಮಾತ್ರ ಯಂತ್ರದ ಪಾಸ್‌ವರ್ಡ್ ಬದಲಾವಣೆ ನಿಲ್ಲಿಸುವ ಪಾಲಿಸಿ ಹಾಕಿ. ಇಡೀ ಡೊಮೇನ್‌ಗೆ ಹಾಕಬೇಡಿ.

ಎರಡನೇ ಕಾರಣ ಹೆಸರು ಕದಿಯುವುದು. ಇದು ಇನ್ನೂ ಸ್ವಾರಸ್ಯದ್ದು. ಒಂದು ಕಂಪ್ಯೂಟರ್ ಸರಿಮಾಡಿದರೆ ಬೇರೆ ಕೋಣೆಯ ಇನ್ನೊಂದು ಕೆಡುತ್ತದೆ. ಅದನ್ನು ಸರಿಮಾಡಿದರೆ ಮೊದಲಿನದು ಮತ್ತೆ ಕೆಡುತ್ತದೆ. ಇಬ್ಬರು ಸಹಾಯಕರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಎರಡು ಕಂಪ್ಯೂಟರಿಗೆ ಒಂದೇ ಹೆಸರಿಟ್ಟಿರುತ್ತಾರೆ. ಹೊಸದನ್ನು ಸೇರಿಸಿದಾಗ ಅದು ಹಳೆಯದರ ಖಾತೆಯನ್ನೇ ವಶಪಡಿಸಿಕೊಂಡು ಪಾಸ್‌ವರ್ಡ್ ಬದಲಿಸುತ್ತದೆ. ಕಂಪ್ಯೂಟರಿನ ಹೆಸರಿಗೆ 15 ಅಕ್ಷರದ ಮಿತಿ ಇರುವುದೂ ಇದಕ್ಕೆ ತುಪ್ಪ ಸುರಿಯುತ್ತದೆ. ವಿಭಾಗ, ಕಟ್ಟಡ, ಕೋಣೆ ಎಲ್ಲ ಸೇರಿಸಿ ಉದ್ದ ಹೆಸರಿಟ್ಟರೆ ಕೊನೆಯ ಸಂಖ್ಯೆಯೇ ಕತ್ತರಿಸಿಹೋಗಿ, ಎರಡು ಹೆಸರು ಒಂದಾಗಿಬಿಡಬಹುದು.

ಇದನ್ನು ಹಿಡಿಯುವುದು ಸುಲಭ. ಡೈರೆಕ್ಟರಿಯಲ್ಲಿ ಆ ಕಂಪ್ಯೂಟರಿನ ಖಾತೆ ತೆರೆದು, ಆಟ್ರಿಬ್ಯೂಟ್ ಎಡಿಟರ್‌ನಲ್ಲಿ "ಪಿಡಬ್ಲ್ಯೂಡಿ ಲಾಸ್ಟ್ ಸೆಟ್" ನೋಡಿ. ಪಾಸ್‌ವರ್ಡ್ ಕೊನೆಗೆ ಬದಲಾದ ದಿನ, ಗಂಟೆ, ನಿಮಿಷ ಎಲ್ಲ ಅಲ್ಲಿರುತ್ತದೆ. ನಿಮ್ಮ ಎದುರಿನ ಕಂಪ್ಯೂಟರ್ ಆ ಹೊತ್ತಿನಲ್ಲಿ ಆಫ್ ಆಗಿತ್ತು ಅಂದರೆ ಬದಲಿಸಿದ್ದು ಬೇರೆ ಯಾವುದೋ. ಅದೇ ಖಾತೆಯಲ್ಲಿ ಆಪರೇಟಿಂಗ್ ಸಿಸ್ಟಮ್ ಯಾವುದು ಅಂತಲೂ ಬರೆದಿರುತ್ತದೆ. ಎದುರಿಗಿರುವುದು ವಿಂಡೋಸ್ 10, ಖಾತೆ ವಿಂಡೋಸ್ 11 ಅನ್ನುತ್ತಿದೆ ಅಂದರೆ ಕಳ್ಳ ಸಿಕ್ಕ. ಡಿಎನ್‌ಎಸ್‌ನಲ್ಲಿ ಆ ಹೆಸರಿಗೆ ಯಾವ ಐಪಿ ವಿಳಾಸ ಬರುತ್ತದೆ ನೋಡಿದರೆ ಯಾವ ಕೋಣೆ ಅಂತಲೂ ತಿಳಿಯುತ್ತದೆ.

2022ರ ಅಕ್ಟೋಬರ್ ಅಪ್‌ಡೇಟ್ ಆದಮೇಲೆ ಮೈಕ್ರೋಸಾಫ್ಟ್ ಈ ವಶಪಡಿಸಿಕೊಳ್ಳುವಿಕೆಗೆ ತಡೆ ಹಾಕಿದೆ. ಆಗಲೇ ಇರುವ ಖಾತೆಯ ಹೆಸರಿನಲ್ಲಿ ಕಂಪ್ಯೂಟರ್ ಸೇರಿಸಲು ಹೋದರೆ, ಆ ಖಾತೆ ಮಾಡಿದ್ದು ನೀವೂ ಅಲ್ಲ, ಡೊಮೇನ್ ಅಡ್ಮಿನ್ ಕೂಡ ಅಲ್ಲ ಅಂದರೆ, ಸಾಮಾನ್ಯವಾಗಿ 2732 ಸಂಖ್ಯೆಯ ದೋಷ ಬರುತ್ತದೆ. ಭದ್ರತೆಗೆ ಒಳ್ಳೆಯದೇ. ಆದರೆ ಪ್ರತಿ ಸೆಮಿಸ್ಟರ್‌ಗೂ ಅದೇ ಹೆಸರಿನಲ್ಲಿ ಇಮೇಜ್ ಹಾಕುವ ಲ್ಯಾಬ್‌ಗಳಿಗೆ ಇದು ತಲೆನೋವಾಯಿತು. ಖಾತೆ ಮಾಡಿದವರು ಕೆಲಸ ಬಿಟ್ಟುಹೋಗಿದ್ದರಂತೂ ಕೇಳಲೇಬೇಡಿ. ಕಂಪ್ಯೂಟರ್ ಖಾತೆಗಳ ಮಾಲೀಕತ್ವವನ್ನು ಒಂದು ಸರ್ವಿಸ್ ಖಾತೆಗೆ ಕೊಟ್ಟು, ಅದನ್ನು ಡೊಮೇನ್ ಕಂಟ್ರೋಲರ್‌ಗಳ ಪಾಲಿಸಿಯಲ್ಲಿ ನಂಬಿದ ಮಾಲೀಕರ ಪಟ್ಟಿಗೆ ಸೇರಿಸುವುದು ಸರಿಯಾದ ದಾರಿ. ವಿಭಾಗದ ಮಟ್ಟದಲ್ಲಿ ಆಗುವ ಕೆಲಸ ಅಲ್ಲ, ಕೇಂದ್ರಕ್ಕೆ ಬರೆಯಬೇಕು.

ವಿದ್ಯಾರ್ಥಿಗಳು ತಾವೇ ಲ್ಯಾಪ್‌ಟಾಪ್ ಸೇರಿಸಿಕೊಂಡಿರುವುದು ಕಂಡರೆ ಗಾಬರಿಯಾಗಬೇಡಿ. ಬದಲಿಸದೆ ಬಿಟ್ಟ ಡೊಮೇನ್‌ನಲ್ಲಿ ಯಾವ ಸಾಮಾನ್ಯ ಬಳಕೆದಾರನೂ 10 ಕಂಪ್ಯೂಟರ್ ಸೇರಿಸಬಹುದು. ವಿಶ್ವವಿದ್ಯಾಲಯದಲ್ಲಿ ಈ ಸಂಖ್ಯೆ ಸೊನ್ನೆ ಇರಬೇಕು.

ಗಡಿಯಾರ

ಕರ್ಬರೋಸ್, ಅಂದರೆ ಡೊಮೇನ್ ಲಾಗಿನ್‌ಗೆ ಟಿಕೆಟ್ ಕೊಟ್ಟು ಗುರುತು ಖಚಿತಪಡಿಸುವ ಪದ್ಧತಿ, ಗಡಿಯಾರಗಳ ನಡುವೆ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಸಹಿಸುವುದಿಲ್ಲ. ಒಂದು ಕಂಪ್ಯೂಟರಿನಲ್ಲಿ ಮಾತ್ರ ಸಮಯ ತಪ್ಪಿದ್ದರೆ ಮದರ್‌ಬೋರ್ಡಿನ ಸೆಲ್ ಬದಲಿಸಿ. ಎರಡು ಫಾರೆಸ್ಟ್ ಇರುವ ಕಡೆ ಇನ್ನೊಂದು ಸಾಧ್ಯತೆ ಇದೆ: ಪ್ರತಿ ಫಾರೆಸ್ಟೂ ತನ್ನ ಬೇರಿನ (ಮೊದಲ) ಡೊಮೇನ್‌ನ ಪಿಡಿಸಿ ಎಮ್ಯುಲೇಟರ್‌ನಿಂದ (ಕೆಲವು ವಿಶೇಷ ಹೊಣೆ ಹೊತ್ತ ಒಂದು ಡೊಮೇನ್ ಕಂಟ್ರೋಲರ್) ಸಮಯ ಪಡೆಯುತ್ತದೆ. ಒಂದು ಸರಿಯಾದ ಹೊರಗಿನ ಸಮಯ ಸರ್ವರ್ ನೋಡುತ್ತಿದ್ದು ಇನ್ನೊಂದು ತನ್ನ ಪಾಡಿಗೆ ತಾನು ಓಡುತ್ತಿದ್ದರೆ, ಒಳಗೊಳಗೆ ಎಲ್ಲ ಸರಿ ಇರುತ್ತದೆ, ಟ್ರಸ್ಟ್ ದಾಟುವ ಲಾಗಿನ್‌ಗಳು ಮಾತ್ರ ಕೆಡುತ್ತವೆ. ಎರಡೂ ಕಡೆಯ ಸಮಯ ಪಕ್ಕಪಕ್ಕ ಇಟ್ಟು ನೋಡಿ.

ಲಾಗಿನ್ ಆಗುತ್ತೆ, ಆದರೆ ಏನೂ ಸಿಗಲ್ಲ

ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿನ್ನುವ ದೋಷ ಇದು. ವಿದ್ಯಾರ್ಥಿ ಒಳಗೆ ಬಂದಿದ್ದಾನೆ. ಡೆಸ್ಕ್‌ಟಾಪ್ ಕಾಣುತ್ತಿದೆ. ಆದರೆ ಅವನ ಹೋಮ್ ಫೋಲ್ಡರ್ ಇಲ್ಲ, ಪ್ರಿಂಟರ್ ಇಲ್ಲ, ಸರ್ವರ್ ತೆರೆಯಲು ಹೋದರೆ ಮತ್ತೆ ಪಾಸ್‌ವರ್ಡ್ ಕೇಳುತ್ತದೆ.

ಅವನ ಲಾಗಿನ್‌ನಲ್ಲೇ ಕಮಾಂಡ್ ಪ್ರಾಂಪ್ಟ್ ತೆರೆದು ಕೆಲಿಸ್ಟ್ ಹೊಡೆಯಿರಿ. ಕರ್ಬರೋಸ್ ಟಿಕೆಟ್‌ಗಳ ಪಟ್ಟಿ ಬರಬೇಕು. ಸೊನ್ನೆ ಟಿಕೆಟ್ ಅಂತ ಬಂದರೆ ಅವನು ಒಳಗೆ ಬಂದದ್ದು ಬೇರೆ ಬಾಗಿಲಿನಿಂದ. ಕರ್ಬರೋಸ್‌ನಲ್ಲಿ ಕಂಪ್ಯೂಟರ್ ನೇರವಾಗಿ ಜನರ ಡೊಮೇನ್‌ನ ಕಂಟ್ರೋಲರ್ ಹತ್ತಿರ 88ನೇ ಪೋರ್ಟ್‌ನಲ್ಲಿ ಮಾತಾಡಬೇಕು. ಅದು ಸಿಗದಿದ್ದರೆ ವಿಂಡೋಸ್ ಹಳೆಯ ಎನ್‌ಟಿಎಲ್‌ಎಂ ದಾರಿ ಹಿಡಿಯುತ್ತದೆ. ಅಲ್ಲಿ ಕಂಪ್ಯೂಟರ್ ತನ್ನದೇ ಡೊಮೇನ್ ಕಂಟ್ರೋಲರ್‌ಗೆ ಹೇಳುತ್ತದೆ, ಅದು ಟ್ರಸ್ಟ್ ದಾಟಿ ಜನರ ಡೊಮೇನನ್ನು ಕೇಳುತ್ತದೆ. ಲಾಗಿನ್ ಆಗುತ್ತದೆ, ಟಿಕೆಟ್ ಮಾತ್ರ ಸಿಗುವುದಿಲ್ಲ. ಟ್ರಸ್ಟ್ ಇದೆ ತಾನೇ, ಎರಡು ಕಡೆಯ ಡೊಮೇನ್ ಕಂಟ್ರೋಲರ್‌ಗಳು ಮಾತಾಡಿಕೊಂಡರೆ ಸಾಕಲ್ವಾ ಅಂತ ಫೈರ್‌ವಾಲ್‌ನವರು ಲ್ಯಾಬ್ ಸಬ್‌ನೆಟ್ ಮುಚ್ಚಿರುತ್ತಾರೆ. ಸಾಲದು. ಲ್ಯಾಬ್‌ನ ಪ್ರತಿ ಕಂಪ್ಯೂಟರಿಗೂ ಜನರ ಡೊಮೇನ್‌ಗೆ ನೇರ ದಾರಿ ಬೇಕು: ಕರ್ಬರೋಸ್‌ಗೆ 88, ಡೈರೆಕ್ಟರಿಗೆ 389, ಪಾಲಿಸಿ ಫೈಲ್‌ಗಳಿಗೆ 445, ಪಾಸ್‌ವರ್ಡ್ ಬದಲಿಸಲು 464. 2024ರಲ್ಲಿ ಮೈಕ್ರೋಸಾಫ್ಟ್ ಎನ್‌ಟಿಎಲ್‌ಎಂ ಅನ್ನು ಕೈಬಿಡುವ ಪಟ್ಟಿಗೆ ಸೇರಿಸಿದೆ. ಈ ಹಿಂಬಾಗಿಲು ನೆಚ್ಚಿಕೊಂಡು ಕೂರುವ ಹಾಗಿಲ್ಲ.

ಕರ್ಬರೋಸ್ ಹುಟ್ಟಿದ್ದೇ ವಿಶ್ವವಿದ್ಯಾಲಯದಲ್ಲಿ. ಎಂಐಟಿಯಲ್ಲಿ 1983ರಲ್ಲಿ ಶುರುವಾದ ಪ್ರಾಜೆಕ್ಟ್ ಅಥೀನಾದಲ್ಲಿ, ಯಾವ ವಿದ್ಯಾರ್ಥಿ ಯಾವ ಸಾರ್ವಜನಿಕ ಕಂಪ್ಯೂಟರಿನ ಮುಂದೆ ಕೂತರೂ ಕೆಲಸ ನಡೆಯಬೇಕು ಅನ್ನುವ ಅಗತ್ಯಕ್ಕೆ ಅದು ಬಂತು. ನಮ್ಮ ಲ್ಯಾಬ್‌ಗಳ ಅಗತ್ಯವೂ ಇವತ್ತಿಗೂ ಅದೇ.

ಟಿಕೆಟ್ ಇದೆ, ಆದರೂ ಫೋಲ್ಡರ್ ಬಿಡುತ್ತಿಲ್ಲ ಅಂದರೆ ಗುಂಪು ನೋಡಿ. ಗುಂಪಿಗೆ ಈಗ ಸೇರಿಸಿದ್ದರೆ, ಬಳಕೆದಾರ ಲಾಗೌಟ್ ಆಗಿ ಮತ್ತೆ ಬರಬೇಕು. ಕಂಪ್ಯೂಟರನ್ನು ಗುಂಪಿಗೆ ಸೇರಿಸಿದ್ದರೆ ಅದನ್ನು ರೀಸ್ಟಾರ್ಟ್ ಮಾಡಬೇಕು. ಇನ್ನು ಯಂತ್ರದ ಡೊಮೇನ್‌ನ ಗ್ಲೋಬಲ್ ಗುಂಪಿಗೆ ಜನರ ಡೊಮೇನ್‌ನವರು ಸೇರುವುದೇ ಇಲ್ಲ, ಹುಡುಕಿದರೂ ಪಟ್ಟಿಯಲ್ಲಿ ಕಾಣುವುದಿಲ್ಲ. ಅಲ್ಲಿ ಡೊಮೇನ್ ಲೋಕಲ್ ಗುಂಪು ಮಾಡಿ, ಜನರ ಡೊಮೇನ್‌ನ ಗ್ಲೋಬಲ್ ಗುಂಪನ್ನು ಅದರೊಳಗೆ ಹಾಕಬೇಕು.

ಲ್ಯಾಬ್‌ನ ಪಾಲಿಸಿ ಹತ್ತುತ್ತಿಲ್ಲ ಅನ್ನುವ ದೂರೂ ಇಲ್ಲಿಗೇ ಸೇರುತ್ತದೆ. ಬಳಕೆದಾರರ ಸೆಟ್ಟಿಂಗ್‌ಗಳು ಬಳಕೆದಾರರ ಖಾತೆ ಇರುವ ಓಯುವಿನಿಂದ ಬರುತ್ತವೆ, ಕಂಪ್ಯೂಟರಿನ ಓಯುವಿನಿಂದ ಅಲ್ಲ. ಲ್ಯಾಬ್ ಓಯುವಿಗೆ ವಾಲ್‌ಪೇಪರ್, ಡ್ರೈವ್ ಮ್ಯಾಪಿಂಗ್ ಕಟ್ಟಿ ಕಾಯುತ್ತಾ ಕೂತರೆ ಅದು ಬರುವುದಿಲ್ಲ. ಲೂಪ್‌ಬ್ಯಾಕ್ (ಕಂಪ್ಯೂಟರಿನ ಓಯುವಿನ ಬಳಕೆದಾರ ಸೆಟ್ಟಿಂಗ್‌ಗಳನ್ನೂ ಹತ್ತಿಸುವ ಆಯ್ಕೆ) ಆನ್ ಮಾಡಬೇಕು. ಬಳಕೆದಾರ ಬೇರೆ ಫಾರೆಸ್ಟ್‌ನವನಾದರೆ ಉಲ್ಟಾ: ಯಾರೂ ಹೇಳದಿದ್ದರೂ ವಿಂಡೋಸ್ ತಾನೇ ಲೂಪ್‌ಬ್ಯಾಕ್ ಹಾಕಿ, ಅವನ ಸ್ವಂತ ಪಾಲಿಸಿಗಳನ್ನು ಬಿಟ್ಟುಬಿಡುತ್ತದೆ. ಲಾಗ್‌ನಲ್ಲಿ 1109 ಇದ್ದರೆ ಅದೇ. ಜಿಪಿರಿಸಲ್ಟ್ ವರದಿಯಲ್ಲಿ ಯಾವ ಪಾಲಿಸಿ ಯಾವ ಕಡೆಯಿಂದ ಬಂತು ಅಂತ ಕಾಣುತ್ತದೆ.

ಪದೇ ಪದೇ ಲಾಕ್ ಆಗುವ ಖಾತೆ

ಅನ್‌ಲಾಕ್ ಮಾಡಿದ ಹತ್ತು ನಿಮಿಷಕ್ಕೆ ಮತ್ತೆ ಲಾಕ್. ಜನರ ಡೊಮೇನ್‌ನ ಪಿಡಿಸಿ ಎಮ್ಯುಲೇಟರ್‌ನಲ್ಲಿ 4740 ಈವೆಂಟ್ ಹುಡುಕಿ. ಯಾವ ಕಂಪ್ಯೂಟರಿನಿಂದ ತಪ್ಪು ಪಾಸ್‌ವರ್ಡ್ ಬಂತು ಅಂತ ಹೆಸರು ಇರುತ್ತದೆ. ವೈಫೈಗಾಗಿ ಇಟ್ಟ ರೇಡಿಯಸ್ ಸರ್ವರ್‌ನ ಹೆಸರು ಬಂದರೆ, ಪಾಸ್‌ವರ್ಡ್ ಬದಲಿಸಿದ ಮೇಲೂ ಫೋನಿನಲ್ಲಿ ಹಳೆಯದೇ ಉಳಿದಿದೆ. ಎಡುರೋಮ್ (ವಿಶ್ವವಿದ್ಯಾಲಯಗಳು ಹಂಚಿಕೊಳ್ಳುವ ವೈಫೈ) ಇರುವ ಕ್ಯಾಂಪಸ್‌ಗಳಲ್ಲಿ ಇದು ದಿನನಿತ್ಯದ ಮಾತು. ಜೇಬಿನಲ್ಲಿರುವ ಫೋನ್ ಸುಮ್ನೆ ಮತ್ತೆ ಮತ್ತೆ ಪ್ರಯತ್ನಿಸುತ್ತಿರುತ್ತದೆ. ರೇಡಿಯಸ್ ಲಾಗ್‌ನಲ್ಲಿ ಸಾಧನದ ವಿಳಾಸ ಸಿಗುತ್ತದೆ. ಫೋನಲ್ಲ, ಮನೆಯಲ್ಲಿ ಬಿಟ್ಟ ಟ್ಯಾಬ್ಲೆಟ್ ಕೂಡ ಅಲ್ಲ ಅಂದರೆ, ಡಿಸ್‌ಕನೆಕ್ಟ್ ಆಗಿ ಹಾಗೇ ಉಳಿದ ರಿಮೋಟ್ ಡೆಸ್ಕ್‌ಟಾಪ್ ಸೆಷನ್ ನೋಡಿ.

ಮತ್ತೆ ಸೇರಿಸುವ ಮುಂಚೆ

ಕಂಪ್ಯೂಟರಿನ ಪಾಸ್‌ವರ್ಡ್ ಹೊಂದುತ್ತಿಲ್ಲ ಅನ್ನುವುದು ಖಚಿತವಾದರೂ ತೆಗೆದು ಸೇರಿಸಬೇಕಿಲ್ಲ. ಲೋಕಲ್ ಅಡ್ಮಿನ್ ಆಗಿ ಲಾಗಿನ್ ಮಾಡಿ, ವಿಂಡೋಸ್ ಜೊತೆ ಬರುವ ಪವರ್‌ಶೆಲ್‌ನಲ್ಲಿ ಟೆಸ್ಟ್-ಕಂಪ್ಯೂಟರ್‌ಸೆಕ್ಯೂರ್‌ಚಾನೆಲ್ ಹೊಡೆಯಿರಿ. ಪವರ್‌ಶೆಲ್ 7ರಲ್ಲಿ ಈ ಕಮಾಂಡ್ ಇಲ್ಲ. ಉತ್ತರ ಫಾಲ್ಸ್ ಬಂದರೆ ಅದಕ್ಕೇ ರಿಪೇರ್ ಆಯ್ಕೆ ಸೇರಿಸಿ, ಆ ಓಯುವಿನಲ್ಲಿ ಅಧಿಕಾರ ಇರುವ ಖಾತೆ ಕೊಟ್ಟು ಮತ್ತೆ ಓಡಿಸಿ. ಬಹುತೇಕ ಸಲ ರೀಸ್ಟಾರ್ಟ್ ಕೂಡ ಬೇಕಾಗುವುದಿಲ್ಲ.

ಅದೂ ಆಗಲಿಲ್ಲ, ಮತ್ತೆ ಸೇರಿಸಲೇಬೇಕು ಅಂದರೆ ಡೈರೆಕ್ಟರಿಯಲ್ಲಿ ಆ ಖಾತೆಯನ್ನು ಅಳಿಸಬೇಡಿ, ರೀಸೆಟ್ ಮಾಡಿ. ಅಳಿಸಿದರೆ ಅದು ಇದ್ದ ಗುಂಪುಗಳೆಲ್ಲ ಹೋಗುತ್ತವೆ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ರಿಕವರಿ ಕೀಗಳನ್ನು ಡೈರೆಕ್ಟರಿಯಲ್ಲಿ ಇಟ್ಟಿದ್ದರೆ ಅವು ಈ ಖಾತೆಯ ಕೆಳಗೇ ಇರುತ್ತವೆ, ಅವೂ ಹೋಗುತ್ತವೆ. ಲ್ಯಾಪ್ಸ್ (ಲೋಕಲ್ ಅಡ್ಮಿನ್ ಪಾಸ್‌ವರ್ಡನ್ನು ತಾನೇ ಬದಲಿಸಿಡುವ ವ್ಯವಸ್ಥೆ) ಬಳಸುವ ಕಡೆ ಲೋಕಲ್ ಅಡ್ಮಿನ್ ಪಾಸ್‌ವರ್ಡೂ ಇದೇ ಖಾತೆಯ ಮೇಲೆ ಬರೆದಿರುತ್ತದೆ. ಅಂದರೆ ಖಾತೆ ಅಳಿಸಿದ ಮರುಕ್ಷಣ ಆ ಕಂಪ್ಯೂಟರಿನೊಳಗೆ ಹೋಗಲು ನಿಮಗೇ ದಾರಿ ಇರುವುದಿಲ್ಲ. ಡೊಮೇನ್‌ನಿಂದ ತೆಗೆಯುವ ಮುಂಚೆ ಲೋಕಲ್ ಅಡ್ಮಿನ್ ಪಾಸ್‌ವರ್ಡನ್ನು ಓದಿ ಬರೆದಿಟ್ಟುಕೊಂಡು, ಅದರಲ್ಲಿ ಒಮ್ಮೆ ನಿಜವಾಗಿಯೂ ಲಾಗಿನ್ ಆಗಿ ನೋಡಿ, ಆಮೇಲೆ ಮುಂದುವರಿಯಿರಿ. ಯಾರೋ ಈಗಾಗಲೇ ಅಳಿಸಿಬಿಟ್ಟಿದ್ದರೆ ಅದೇ ಹೆಸರಿನ ಹೊಸ ಖಾತೆ ಮಾಡಲು ಹೋಗದೆ ಕೇಂದ್ರದವರಿಗೆ ತಕ್ಷಣ ಹೇಳಿ. ಆಕ್ಟಿವ್ ಡೈರೆಕ್ಟರಿಯ ರೀಸೈಕಲ್ ಬಿನ್ ಆನ್ ಮಾಡಿದ್ದರೆ ಹಳೆಯದನ್ನು ಕೀಗಳ ಸಮೇತ ವಾಪಸ್ ತರಬಹುದು.